ಉಪ್ಪಿನ ಊರಿನ ಕೊನೆಯ ಮೂರು ಅಧ್ಯಾಯ

ನ್ಯೂಯಾರ್ಕಿನ ಹತ್ತಿರದ ಕೆಂಡಲ್ ಪಾರ್ಕಿನ ನಮ್ಮ ಬೀದಿಯವರಿಗೆಲ್ಲ ಅವರು ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವ ಜಪಾನಿ ಹೆಂಗಸು, ಅಷ್ಟೆ. ಹನ್ನೊಂದು ಐತಿಹಾಸಿಕ ಕಾದಂಬರಿ ಬರೆದವರು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಎದುರುಮನೆಯಲ್ಲಿದ್ದ ಮೇಲೆ. ನಾನು ಗಂಡನ ವೀಸಾದ ಮೇಲೆ ಬಂದವಳು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ; ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಒಂದು ದಿನ ಅದನ್ನು ಹೇಳಿಕೊಂಡಾಗ ಅವರು "ಹಾಗಾದರೆ ನನಗೆ ಸಹಾಯ ಮಾಡುತ್ತೀರಾ?" ಅಂದರು.

ಅವರಿಗೆ ಆಗ ಅರವತ್ತೈದರ ಹತ್ತಿರ. ಹರೆಯದಲ್ಲಿ ಕಡಲತೀರದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಹಳೇ ಕಾಗದಪತ್ರ ಬಿಸಿಲಿಗೆ ಹರವಿ ಒಣಗಿಸುವ ಕೆಲಸ ಮಾಡುತ್ತಿದ್ದರಂತೆ. ಆ ಪತ್ರಗಳಲ್ಲಿ ಗಂಡಸರಿಗೆ ಹೆಸರಿತ್ತು. ಹೆಂಗಸರು "ಇಂಥವನ ಹೆಂಡತಿ", "ಇಂಥವನ ತಾಯಿ" ಆಗಿದ್ದರು. ಆ ಹೆಂಗಸರಿಗೆ ಹೆಸರಿಟ್ಟು ಬರೆಯಲು ಶುರುಮಾಡಿದರು. ಮೊದಲ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ನಿಲ್ಲಲೇ ಇಲ್ಲ. ಗಂಡನಿಗೆ ನ್ಯೂಯಾರ್ಕಿಗೆ ವರ್ಗವಾದಾಗ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಪ್ರತಿ ಬೇಸಿಗೆ ಜಪಾನಿಗೆ ಹೋಗಿ ಹಳೇ ಪತ್ರಗಳನ್ನು ಓದಿಕೊಂಡು ಬರುವುದು, ಉಳಿದ ತಿಂಗಳು ಇಲ್ಲಿ ಕೂತು ಬರೆದು ಅಲ್ಲಿಗೆ ಪೋಸ್ಟ್ ಮಾಡುವುದು. ಮಗಳು ಮಾತ್ರ ಅಮ್ಮನ ಒಂದು ಸಾಲೂ ಓದಿರಲಿಲ್ಲ. ಅವಳಿಗೆ ಮನೆಮಾತು ತಕ್ಕಮಟ್ಟಿಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಕಥೆಯನ್ನು ಬಾಯಲ್ಲಿ ಹೇಳಬಹುದಲ್ಲ?" ಅಂತ ಕೇಳಿದ್ದೆ.

"ಹೇಳಿದ್ದೇನೆ. ನೈಸ್ ಸ್ಟೋರಿ ಅಂದಳು," ಎಂದರು.

ಹಾಗಾಗಿ ಒಂದನ್ನಾದರೂ ಇಂಗ್ಲಿಷಿಗೆ ತರಬೇಕೆಂದು ಹಟ. ನ್ಯೂಯಾರ್ಕಿನ ಒಬ್ಬ ಸಣ್ಣ ಪ್ರಕಾಶಕರು ಒಪ್ಪಿಕೊಂಡಿದ್ದರು. ಆರಿಸಿಕೊಂಡದ್ದು ಕಡಲ ನೀರು ಕಾಯಿಸಿ ಉಪ್ಪು ತೆಗೆಯುವ ಊರಿನ ಒಬ್ಬ ತಾಯಿಯ ಕಥೆ. ಅವಳ ಚಿಕ್ಕ ಮಗಳನ್ನು ದೂರದ ಕೋಟೆಪೇಟೆಯ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಕಳಿಸಿಬಿಡುತ್ತಾರೆ. ವರ್ಷಗಳ ನಂತರ ತಾಯಿ ಅವಳನ್ನು ನೋಡಲು ನಡೆದು ಹೊರಡುತ್ತಾಳೆ.

ಮಂಗಳವಾರ, ಗುರುವಾರ ಬೆಳಗ್ಗೆ ಅವರ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದೆವು. ಅವರು ತಮಗೆ ತಿಳಿದ ಇಂಗ್ಲಿಷಿನಲ್ಲಿ ಹೇಳುವರು, ನಾನು ತಿದ್ದಿ ಬರೆಯುವೆ. ಒಂದು ವಾಕ್ಯಕ್ಕೆ ಒಂದು ವಾರ ಹಿಡಿದದ್ದೂ ಉಂಟು. ಒದ್ದೆ ಮರಳಿನ ಮೇಲೆ ಹುಲ್ಲಿನ ಚಪ್ಪಲಿ ಹಾಕಿಕೊಂಡು ನಡೆಯುವ ಸದ್ದಿಗೆ ಅವರ ಭಾಷೆಯಲ್ಲಿ ಒಂದು ಮಾತಿತ್ತು, ಇಂಗ್ಲಿಷಿನಲ್ಲಿ ಸಿಗಲಿಲ್ಲ. "ನಮ್ಮಲ್ಲಿ ಪಿಚಪಿಚ ಅಂತೀವಿ," ಎಂದೆ. ಅವರು ನಾಲ್ಕೈದು ಸಲ ಹೇಳಿಕೊಂಡು ನಕ್ಕರು. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಅಧ್ಯಾಯ ಮುಗಿಯಲು ಎರಡು ವರ್ಷವಾಯಿತು. ಮುಗಿದಷ್ಟನ್ನು ಟೈಪ್ ಮಾಡಿ ಕೊಡುತ್ತಿದ್ದೆ, ಅವರು ಬೀರುವಿನಲ್ಲಿಡುತ್ತಿದ್ದರು. ಪುಸ್ತಕವಾದ ಮೇಲೇ ಮಗಳಿಗೆ ಕೊಡುವುದು ಅಂತ.

ಬ್ಯಾಂಕುಗಳು ಒಂದರ ಹಿಂದೊಂದು ಬಿದ್ದ ಆ ಶರತ್ಕಾಲದಲ್ಲಿ ಪ್ರಕಾಶಕರ ಪತ್ರ ಬಂತು. ಸಂಸ್ಥೆ ಮುಚ್ಚುತ್ತಿದ್ದೇವೆ, ಕ್ಷಮಿಸಿ ಎಂದಷ್ಟೇ ಇತ್ತು. ಅವರು ಅದನ್ನು ಎರಡು ಸಲ ಓದಿ ಮಡಿಸಿಟ್ಟು, ಟೀ ಮಾಡಲು ಎದ್ದರು. ಬೇರೆ ಪ್ರಕಾಶಕರನ್ನು ಹುಡುಕೋಣ ಎಂದೆ. "ನನಗೆ ಓದಬೇಕಾದವಳು ಒಬ್ಬಳೇ, ನನ್ನ ಮಗಳು. ಉಳಿದ ಮೂರು ಅಧ್ಯಾಯವನ್ನು ಈ ವಾರವೇ ಹೇಳಿಬಿಡುತ್ತೇನೆ," ಎಂದರು.

ಒಂದು ಶಬ್ದಕ್ಕೆ ದಿನಗಟ್ಟಲೆ ಕಾಯುತ್ತಿದ್ದವರು ಆ ವಾರ ನಿಲ್ಲದೆ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಆ ಅವಸರ ಏಕೆಂದು ನಾನು ಕೇಳಲಿಲ್ಲ.

ಹದಿನೈದು ದಿನದಲ್ಲಿ ನನ್ನ ಗಂಡನ ಕೆಲಸವೂ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ದೇಶ ಬಿಡಬೇಕು. ಮನೆ ಖಾಲಿ ಮಾಡಿ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ನೆಂಟರ ಬೇಸ್‌ಮೆಂಟಿಗೆ ಹೋದೆವು. ಹೊರಡುವ ದಿನ ಎದುರುಮನೆಗೆ ಹೋಗಿ "ಆ ಮೂರು ಅಧ್ಯಾಯ ಟೈಪ್ ಮಾಡಿ ಕಳಿಸುತ್ತೇನೆ" ಎಂದು ಮಾತು ಕೊಟ್ಟೆ. ದೇವರ ದಯೆ, ಗಡುವಿನೊಳಗೆ ಮಾರಿಸ್‌ಟೌನಿನಲ್ಲಿ ಗಂಡನಿಗೆ ಕೆಲಸ ಸಿಕ್ಕಿತು, ಮತ್ತೆ ಮನೆ ಬದಲಾಯಿಸಿದೆವು. ನೋಟ್‌ಬುಕ್ ಯಾವುದೋ ಡಬ್ಬದಲ್ಲಿತ್ತು. ಕೆಂಡಲ್ ಪಾರ್ಕಿನಿಂದ ಅವರು ಎರಡು ಸಲ ಫೋನ್ ಮಾಡಿದರು. ನಾಳೆ ನಾಡಿದ್ದರಲ್ಲಿ ಕೂರುತ್ತೇನೆ ಎಂದೆ. "ಪರವಾಗಿಲ್ಲ, ಮೊದಲು ನಿಮ್ಮ ಮನೆ ನೋಡಿಕೊಳ್ಳಿ," ಎಂದರು. ಮಾರಿಸ್‌ಟೌನಿನಿಂದ ಕೆಂಡಲ್ ಪಾರ್ಕ್ ಒಂದು ಗಂಟೆಯ ಡ್ರೈವ್. ನಾನು ಒಂದು ಸಲವೂ ಹೋಗಲಿಲ್ಲ.

ಮಾರ್ಚಿನಲ್ಲಿ ಫೋನ್ ಮಾಡಿದ್ದು ಮಗಳು. ಅಮ್ಮ ಹೋಗಿ ಹತ್ತು ದಿನವಾಯಿತು ಎಂದಳು. ಕಾಯಿಲೆ ಹಿಂದಿನ ಬೇಸಿಗೆಯಲ್ಲೇ ಗೊತ್ತಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ.

"ಬೀರುವಿನಲ್ಲಿ ಹಾಳೆಗಳು ಸಿಕ್ಕವು. ಮೂರು ದಿನದಲ್ಲಿ ಓದಿದೆ," ಎಂದಳು. "ಆ ತಾಯಿ ಹೊಳೆ ದಾಟುವಲ್ಲಿಗೆ ಕಥೆ ನಿಂತುಹೋಗಿದೆ. ಆಮೇಲೆ ಏನಾಯಿತು? ನಿಮಗೆ ಗೊತ್ತಾ?"

ಡಬ್ಬಗಳನ್ನು ಬಿಚ್ಚಿ ನೋಟ್‌ಬುಕ್ ತೆಗೆದು ಫೋನಿನಲ್ಲೇ ಓದಿದೆ. ನನ್ನ ಅಕ್ಷರ ನನಗೇ ಕೆಲವು ಕಡೆ ತಿಳಿಯಲಿಲ್ಲ. ತಾಯಿ ಕೋಟೆಪೇಟೆ ಸೇರುತ್ತಾಳೆ. ದೊಡ್ಡ ಮನೆಯ ಹಿಂದಿನ ಬಾವಿಯ ಹತ್ತಿರ ನಿಲ್ಲುತ್ತಾಳೆ. ನೀರಿಗೆ ಬಂದ ಹುಡುಗಿ ಇವಳ್ಯಾರೋ ದಾರಿಹೋಕಳೆಂದು ತಿಳಿದು ನೀರು ಸೇದಿ ಕುಡಿಸುತ್ತಾಳೆ. ಆ ಹುಡುಗಿಯೇ ಮಗಳು; ಈಗ ಅವಳದು ಬೇರೆ ಊರಿನ ಮಾತು, ಬೇರೆ ಬಟ್ಟೆ. ತಾಯಿ ಕುಡಿದು, ಕೈಮುಗಿದು, ತಾನು ಯಾರೆಂದು ಹೇಳದೆ ಹಿಂದಿರುಗುತ್ತಾಳೆ.



"ಹೇಳಬೇಕಿತ್ತು," ಎಂದಳು ಆ ಕಡೆಯಿಂದ. "ಹೇಳಿದ್ದರೆ ಗುರುತು ಹಿಡಿಯುತ್ತಿದ್ದಳು." ಅವಳು ಅಳುತ್ತಿದ್ದಳು. ಆ ಅಧ್ಯಾಯಗಳನ್ನು ಅವಳ ಅಮ್ಮ ಬದುಕಿದ್ದಾಗಲೇ ಕಳಿಸಬಹುದಿತ್ತು, ತಡ ಮಾಡಿದವಳು ನಾನು ಎಂದು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೇ ಟೈಪ್ ಮಾಡಿ ಮರುದಿನ ಕಳಿಸಿದೆ. ಪುಸ್ತಕ ಎಂದೂ ಅಚ್ಚಾಗಲಿಲ್ಲ. ಮುಂದಿನ ವರ್ಷ ಅವಳು ಅಸ್ಥಿ ತೆಗೆದುಕೊಂಡು ಜಪಾನಿಗೆ ಹೋದಾಗ ಅಲ್ಲಿನ ಒಂದು ಪುಸ್ತಕದಂಗಡಿಯ ಫೋಟೋ ಕಳಿಸಿದಳು. ಶೆಲ್ಫಿನ ಒಂದಿಡೀ ಸಾಲು ಅವಳ ಅಮ್ಮನದು. ಕೆಳಗೆ ಬರೆದಿದ್ದಳು: "ಇದರಲ್ಲಿ ನಮ್ಮ ಉಪ್ಪಿನ ಊರಿನ ಕಥೆ ಯಾವುದೆಂದು ಗೊತ್ತಾಗಲಿಲ್ಲ. ಅಮ್ಮನ ಹೆಸರು ಮಾತ್ರ ಓದಲು ಬಂತು. ಎಲ್ಲವನ್ನೂ ತೆಗೆದುಕೊಂಡೆ."