ಹದ್ದಕ್ಕನ ಹೊಟ್ಟೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಹದ್ದಕ್ಕ ಎಂದೇ ಕರೆಯುತ್ತಿದ್ದರು. ಟವರ್ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು, ಕಬ್ಬಿಣದ ಕಂಬಿಗಳ ಹೊರೆಯನ್ನು ಹೂವಿನಂತೆ ಎತ್ತಿ ಇಳಿಸುವವಳು. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆವರೆಗೆ ಇಳಿಯುವ ಮಾತಿಲ್ಲ. ಊಟದ ಶಾಸ್ತ್ರವೂ ಮೇಲೆಯೇ: ಕ್ರೀಮ್ ಬಿಸ್ಕತ್ತು, ಪೊಟ್ಟಣದ ಕೇಕು, ಬಾಟಲಿಯ ಸಿಹಿ ಪಾನೀಯ.

ಹೀಗಿರುವಾಗ ಹೊಟ್ಟೆ ಕೈಕೊಟ್ಟಿತು. ಮೊದಲು ನುಲಿತ, ಆಮೇಲೆ ಭೇದಿ, ಕೊನೆಗೆ ರಕ್ತ. ನಾಚಿಕೆಯಿಂದ ಬಾಯಿ ಹೊಲಿದುಕೊಂಡಿದ್ದಳು.

ಒಂದು ದಿನ ಕಾಂಕ್ರೀಟು ತುಂಬಿದ ಬಕೆಟ್ಟು ನಡುಗಾಳಿಯಲ್ಲಿ ತೂಗುತ್ತಿರುವಾಗಲೇ ಕರುಳು ಹಿಂಡಿತು. ಕೆಳಗಿನಿಂದ ವಾಕಿಟಾಕಿಯಲ್ಲಿ ಸೂಚನೆ ಕೊಡುವ ಸಿಗ್ನಲ್‌ನವನಿಗೆ, “ಅಣ್ಣಾ, ನಾನು ಇಳೀಬೇಕು. ಈಗ್ಲೇ,” ಎಂದಳು.

ದನಿಯಲ್ಲೇ ಅವನಿಗೆ ಅರ್ಥವಾಯಿತು. “ಗಾಬರಿ ಆಗ್ಬೇಡ ತಾಯಿ. ಬಲಕ್ಕೆ ತಿರುಗ್ಸು... ನಿಧಾನ... ಇಳಿಸು. ಹಾಂ, ಬಾ ಇನ್ನು.”

ಎಂಜಿನಿಯರು ಕೂಗಾಡುತ್ತ ಬಂದಾಗ, “ಮೇಲೆ ಗಾಳಿ ಜೋರಂತೆ ಸಾರ್,” ಎಂದ ಸಿಗ್ನಲ್‌ನವನು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಸಂಜೆ ಅವನೇ ಮನೆಗೆ ಬಂದು ಅವಳ ಅತ್ತೆಯ ಕಿವಿಗೆ ವಿಷಯ ಹಾಕಿದ.

ಅತ್ತೆ ಮಾರನೆಯ ದಿನವೇ ಸೊಸೆಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಎಂದು ಗೊತ್ತಾಯಿತು. ಡಾಕ್ಟರಮ್ಮ ಅವಳ ಊಟದ ಬಗ್ಗೆ ಕೇಳಿ ತಿಳಿದುಕೊಂಡು, “ಎಲ್ಲರ ಕರುಳಲ್ಲೂ ಒಂದಿಷ್ಟು ಶಿಲೀಂಧ್ರ ಇರುತ್ತೆ. ಬ್ರೆಡ್ ಮೇಲೆ ಬರೋ ಬೂಷ್ಟಿನ ನೆಂಟರು ಅಂದ್ಕೊಳ್ಳಿ. ಸುಮ್ನಿದ್ರೆ ತೊಂದ್ರೆಯಿಲ್ಲ. ಆದ್ರೆ ಸಕ್ಕರೆ ಜಾಸ್ತಿ ಸಿಕ್ರೆ ಕೆಲವು ಮಿತಿಮೀರಿ ಬೆಳೆದು ಉರಿಯೂತ ಹೆಚ್ಚಿಸಬಹುದು. ಊಟದಿಂದ್ಲೇ ಈ ಕಾಯಿಲೆ ಬಂತು ಅಂತ ನಾನು ಹೇಳಲ್ಲ, ಅದು ಇನ್ನೂ ಪೂರ್ತಿ ಗೊತ್ತಿಲ್ಲ. ಮಾತ್ರೆ ಬಿಡ್ಬೇಡಿ, ತಿನ್ನೋದನ್ನ ಬದಲಾಯ್ಸಿ,” ಎಂದರು.

“ಅಂದ್ರೆ ಹೊಟ್ಟೇಲಿ ಬಾಡಿಗೆ ಕೊಡದೆ ಕೂತಿರೋರಿಗೆ ನಾವೇ ಮಿಠಾಯಿ ಹಂಚ್ತಿದ್ವಿ ಅನ್ನಿ!” ಎಂದಳು ಅತ್ತೆ. ಡಾಕ್ಟರಮ್ಮ ನಗು ತಡೆಯಲಾಗದೆ ಕನ್ನಡಕ ತೆಗೆದರು.

ಅಂದಿನಿಂದ ಅಡುಗೆಮನೆ ಅತ್ತೆಯ ಕೈಗೆ ಹೋಯಿತು. ಮೊದಮೊದಲು ಮೆತ್ತಗಿನ ಅನ್ನ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ. ಹುಣ್ಣು ಮಾಯುತ್ತ ಬಂದಂತೆ ಬೇಳೆ, ಸೊಪ್ಪು, ಮೊಸರು. ಬಿಸ್ಕತ್ತಿನ ಡಬ್ಬದಲ್ಲಿ ಈಗ ಬಟ್ಟೆಯ ಕ್ಲಿಪ್ಪುಗಳಿದ್ದವು. ಸೊಸೆ ಆಸೆಗಣ್ಣಿನಿಂದ ಅತ್ತ ನೋಡಿದರೆ, “ಬೇಕಾದ್ರೆ ಕ್ಲಿಪ್ ತಿನ್ನು,” ಎಂಬ ಉತ್ತರ. ಗಂಡನಂತೂ ತನ್ನ ಬಾಟಲಿ ಪಾನೀಯವನ್ನು ಬೀದಿಯಲ್ಲೇ ಕುಡಿದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದ.

ರಕ್ತ ನಿಂತಿತು. ಕೆನ್ನೆ ತುಂಬಿಕೊಂಡಿತು. ಮತ್ತೆ ಕೆರಳಬಹುದೆಂದು ಡಾಕ್ಟರಮ್ಮ ಹೇಳಿದ್ದರು. ಆದರೂ ಏಣಿ ಹತ್ತಲು ಒಪ್ಪಿಗೆ ಸಿಕ್ಕಿತು, ಮಧ್ಯಾಹ್ನ ಇಳಿದು ಬಂದು ಉಣ್ಣಬೇಕೆಂಬ ಷರತ್ತಿನ ಮೇಲೆ.

ಮೊದಲ ದಿನ ಬುತ್ತಿ ತಂದ ಅತ್ತೆ ಗೇಟಿನ ಬಳಿ ನಿಂತು ಕತ್ತೆತ್ತಿ ನೋಡಿದಳು. ಕ್ರೇನನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದೇ ಇಲ್ಲ. ಸಿಗ್ನಲ್‌ನವನ ತೋಳು ಹಿಡಿದು, “ಅಯ್ಯೋ ಪುಣ್ಯಾತ್ಮ, ಅಷ್ಟು ಮೇಲೆ ಕೂರಿಸಿದೀರಾ ನನ್ನ ಮಗೂನ?” ಎಂದಳು.

ಅವನ ವಾಕಿಟಾಕಿ ಚಾಲೂ ಇತ್ತು. ಸೊಸೆ ಎಂದಲ್ಲ, ಮಗು ಎಂದದ್ದು ಮೇಲಿನ ಗಾಜಿನ ಗೂಡಿಗೆ ಸ್ಪಷ್ಟವಾಗಿ ಕೇಳಿಸಿತು. ಹದ್ದಕ್ಕ ಕಣ್ಣೊರೆಸಿಕೊಂಡು, “ಅಣ್ಣಾ, ಅವರನ್ನ ನೆರಳಲ್ಲಿ ಕೂರ್ಸು. ಬರ್ತಿದೀನಿ,” ಎಂದಳು.