ಹಗ್ಗ ಬಿಟ್ಟವಳು ನೀನಲ್ಲ

ಸುಜಾತಾ, ಆ ದಿನ ದೋಣಿ ಮಗುಚಿದ್ದು ನಿನ್ನಿಂದಲ್ಲ. ನೀನು ಹಗ್ಗ ಬಿಡಲೇ ಇಲ್ಲ. ಬಿಡುವ ಹಾಗೆಯೇ ಇರಲಿಲ್ಲ — ಅದನ್ನು ನಾನು ಕಟ್ಟಿಬಿಟ್ಟಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಮಾತನ್ನು ನುಂಗಿಕೊಂಡು, ನಿನ್ನ ಬಾಯಲ್ಲಿ ಕಾಕಾ ಎಂದು ಕರೆಸಿಕೊಂಡು ತಿರುಗಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ.

ಹೋದ ವಾರ ನೀನು ಫೋನ್ ಮಾಡಿದೆ. ಮಗಳಿಗೆ ಎಂಟು ತುಂಬಿತು, ಹಾಯಿದೋಣಿ ನಡೆಸಲು ಕಲಿಯುತ್ತಾಳಂತೆ, ಅವಳಿಗೆ ಎಂಥ ಕ್ಯಾಟಮರಾನ್ ಕೊಳ್ಳಲಿ ಎಂದು ಕೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈಗಲೂ ಸುಮ್ಮನಿರುತ್ತಿದ್ದೆನೋ ಏನೋ. "ನೀವ ಕಲಸ್ರಿ ಕಾಕಾ. ನಾ ಬ್ಯಾಡ. ನಾ ಹಗ್ಗ ಬಿಡಾಕಿ" ಎಂದು ನೀನು ನಕ್ಕೆ. ಆ ನಗು ಕೇಳಿ ಫೋನಿಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಆಗ ಅಣೆಕಟ್ಟಿನ ಹಿನ್ನೀರು ಬಂದು ಬೀಳಗಿ ಕಡೆಯ ನಮ್ಮ ಹೊಲ ಮುಳುಗಿತ್ತು. ಸಾಲೆಯ ಮಾಸ್ತರನಾಗಿದ್ದ ನಿನ್ನ ಅಪ್ಪ ಒಂದು ದಿನ ಹೇಳಿದ, "ನೀರಂತೂ ಬಂದಬಿಟ್ಟೈತಿ. ನನ್ನ ಮಗಳು ಅದಕ್ಕ ಅಂಜಬಾರದು." ನಮ್ಮ ಮನೆತನದಲ್ಲಿ ದೋಣಿ ಮುಟ್ಟಿದವನು ನಾನೊಬ್ಬನೇ. ಕಾರವಾರದಲ್ಲಿ ನಾಲ್ಕು ವರ್ಷ ದೋಣಿ ರಿಪೇರಿ ಮಾಡಿ ಊರಿಗೆ ಬಂದು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ಅಣ್ಣ ನನ್ನನ್ನೇ ನಂಬಿ ದೋಣಿ ತರಲು ಗೋವಾಕ್ಕೆ ಕಳಿಸಿದ.

ಅಲ್ಲಿ ದೋಣಿ ಮಾರುವ ಮುದುಕ ಎರಡು ಕ್ಯಾಟಮರಾನ್ ತೋರಿಸಿದ. ಎರಡು ತೆಳು ದೋಣಿಗಳನ್ನು ಅಕ್ಕಪಕ್ಕ ಜೋಡಿಸಿ ನಡುವೆ ಗಟ್ಟಿ ಬಟ್ಟೆ ಬಿಗಿದಂಥವು. ಒಂದು ಚಿಕ್ಕದು, ಒಂದೇ ಹಾಯಿ. ಇನ್ನೊಂದು ಪಂದ್ಯದ್ದು, ದೊಡ್ಡದು. ಮಗು ಕಲಿಯುವುದಕ್ಕಾದರೆ ಚಿಕ್ಕದೇ ಎಂದು ಅವನು ಮೂರು ಸಲ ಹೇಳಿದ. ನಾನು ದೊಡ್ಡದನ್ನು ಹೇರಿಕೊಂಡು ಬಂದೆ.

"ಹುಡುಗಿಗೆ ದೊಡ್ಡದಾಗೂದಿಲ್ಲೇನೋ?" ಎಂದ ಅಣ್ಣ.

"ಬೆಳಿಯೂ ಹುಡುಗಿ ಅಣ್ಣಾ. ಸಣ್ಣದು ತಂದ್ರ ಎರಡ ವರ್ಷಕ್ಕ ಮೂಲಿಗೆ ಬೀಳತೈತಿ."

ಸಾಲೆಯ ಲಂಗವನ್ನೂ ಮುಂದಿನ ವರ್ಷಕ್ಕೆ ಆಗಲಿ ಎಂದು ದೊಗಳೆಯಾಗಿ ಹೊಲಿಸುವ ಮಂದಿ ನಾವು. ಅಣ್ಣ ತಕ್ಷಣ ಒಪ್ಪಿದ. ಆದರೆ ಆ ದೋಣಿ ಬೇಕಾಗಿದ್ದು ನನಗೆ. ದಂಡೆಯ ಮೇಲೆ ನಿಂತ ಜನ ನನ್ನನ್ನು ನೋಡಿ ಬಾಯಿ ಬಿಡಬೇಕಾಗಿತ್ತು — ಹತ್ತು ವರ್ಷದ ನೀನು ಬರೀ ನೆಪ.

ಆ ದೊಡ್ಡ ಹಾಯಿಯ ಹಗ್ಗ ನಿನ್ನ ಕೈಯಲ್ಲಿ ನಿಲ್ಲಲಿಲ್ಲ. ಅಂಗೈ ಸುಲಿಯಿತು. ಆಗ ನಾನು, ಟ್ರೇಲರಿನ ಮೇಲೆ ಕಬ್ಬಿನ ಹೇರು ಬಿಗಿಯುವ ಗಂಟು ಹಾಕಿ, ಹಗ್ಗವನ್ನು ದೋಣಿಗೇ ಕಟ್ಟಿದೆ. ಎಳೆದಷ್ಟೂ ಬಿಗಿಯುವ ಗಂಟು. ಹಾಯಿಯ ಹಗ್ಗ ಯಾವಾಗಲೂ ಕೈಯಲ್ಲಿರಬೇಕು. ಜೋರು ಗಾಳಿ ಬಂದರೆ ಬಿಟ್ಟುಬಿಡಬೇಕು, ಆಗ ಹಾಯಿ ಸಡಿಲಾಗಿ ದೋಣಿ ನೆಟ್ಟಗಾಗುತ್ತದೆ. ಅದೇ ಬೆಳಿಗ್ಗೆ ನಿನಗೆ ನಾನೇ ಹೇಳಿಕೊಟ್ಟಿದ್ದೆ. ನೀನು ನೆನಪಿಟ್ಟುಕೊಂಡೆ. ನಾನು —

ಗಾಳಿ ಬಂತು. ಒಂದು ಬದಿ ನೀರು ಬಿಟ್ಟು ಮೇಲೆದ್ದಿತು. "ಕಾಕಾ, ಹಗ್ಗ ಬಿಚ್ರಿ! ಬಿಚ್ರಿ!" ಎಂದು ನೀನು ಚೀರಿದೆ. ನಾನು ಉಗುರಿನಿಂದ ಗಂಟು ಕೆದರುತ್ತ ಕೂತೆ. ದೋಣಿ ಮಗುಚಿತು, ನೀನು ಹಾಯಿಯ ಕೆಳಗೆ ಸಿಕ್ಕಿಕೊಂಡೆ. ಮೀನು ಹಿಡಿಯುವವರು ಹರಿಗೋಲು ತಂದು ನಿನ್ನನ್ನು ಎಳೆದು ತೆಗೆದರು.

ದಂಡೆಯಲ್ಲಿ ನೀನು ರಾಡಿನೀರು ಕಾರುತ್ತಿದ್ದೆ. ಅಣ್ಣ ಓಡಿಬಂದು "ಏನಾತೋ?" ಎಂದ. ನಿನ್ನ ಬಾಯಿ ಒರೆಸುತ್ತ ಒರೆಸುತ್ತಲೇ ನಾನು ಹೇಳಿದೆ, "ಹುಡುಗಿ ಅಂಜಿ ಹಗ್ಗ ಬಿಟ್ಲು."

ಥೂ! ಹಗ್ಗ ಬಿಟ್ಟಿದ್ದರೇ ಉಳಿಯುತ್ತಿದ್ದೆವು. ಅದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೇ — ನಿನಗೆ, ನನಗೆ. ನೀನು ನನ್ನ ಮುಖ ನೋಡಿದೆ. ಕಾಕಾ ಸುಳ್ಳು ಹೇಳುತ್ತಾನೆಂದು ಹತ್ತು ವರ್ಷದ ಮಗು ಹೇಗೆ ನಂಬೀತು? ನೀನು ನಿನ್ನನ್ನೇ ನಂಬುವುದನ್ನು ಬಿಟ್ಟೆ. ಸೈಕಲ್ ಬೇಡವೆಂದೆ, ಸಾಲೆಯ ನಾಟಕದಲ್ಲಿ ಪಾತ್ರ ಬೇಡವೆಂದೆ, ನನ್ನಿಂದ ಆಗುವುದಿಲ್ಲ ಅನ್ನುವುದೇ ನಿನ್ನ ಮಾತಾಯಿತು. ಬನಹಟ್ಟಿಯಲ್ಲಿ ನಿನ್ನ ಮದುವೆಯಾದಾಗ, "ಗಂಡನ ಕೈಯರೆ ಗಟ್ಟಿ ಹಿಡೀಬೇ, ಹಗ್ಗ ಬಿಟ್ಟಂಗ ಬಿಟ್ಟೀ" ಎಂದು ಸೋದರತ್ತೆ ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿಸಿದೆ.

ನಿನ್ನೆ ಅಣ್ಣನಿಗೆ ಎಲ್ಲ ಹೇಳಿದೆ. ಅವನು "ಇಷ್ಟ ವರ್ಷ ಹಗ್ಗ ಬಿಡಾಕಿ ಅಂತ ನನ್ನ ಬಾಯಿಂದನೂ ಅನಸಿದೆಲ್ಲೋ" ಎಂದು ಎದ್ದು ಒಳಗೆ ಹೋದ. ಇನ್ನು ಆ ಮನೆಗೆ ನನ್ನನ್ನು ಕರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ಅದು ಸರಿಯೇ.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಚಿಕ್ಕದನ್ನೇ ಕೊಳ್ಳು. ಒಂದೇ ಹಾಯಿ ಇರಲಿ, ಅದರ ಹಗ್ಗ ಮಗಳ ಒಂದು ಕೈಗೆ ಹಗುರವಾಗಿರಲಿ. ಮಗುಚಿದರೆ ನೀವಿಬ್ಬರೇ ಎತ್ತಿ ನಿಲ್ಲಿಸುವಂತಿರಲಿ. ಮುಂದೆ ಬೆಳೆಯುತ್ತಾಳೆ ಅನ್ನುವ ಲೆಕ್ಕ ಬೇಡ, ಇವತ್ತಿನ ಮೈಗೆ ಆದರೆ ಸಾಕು. ಕಲಿಸುವುದು ನಾನಲ್ಲ, ನೀನು. ಆ ಗಾಳಿಯಲ್ಲಿ ಮಾಡಬೇಕಾದ್ದನ್ನು ಸರಿಯಾಗಿ ಹೇಳಿದವಳು ನೀನೇ. ಮೊದಲ ದಿನ ದೋಣಿ ನೀರಿಗಿಳಿಸುವ ಮುಂಚೆ ಮಗಳಿಗೆ ಇದನ್ನೆಲ್ಲ ಹೇಳು — ನನ್ನ ಹೆಸರು ಹಿಡಿದೇ ಹೇಳು.