ಎಮ್ಮೆಗೆ ಹಂಚು, ಬಾಣಂತಿಗೆ ಪತ್ರಾ

ನಮ್ಮ ಮನೆಯ ಮೇಲಿದ್ದ ಮಂಗಳೂರು ಹಂಚು ಮಾವನವರ ಕಾಲದ್ದು. ಮಳೆಗಾಲದಲ್ಲಿ ಒಂದೆರಡು ಕಡೆ ಸೋರುತ್ತಿತ್ತು, ನಿಜ. ಮಂಗಗಳು ಜಿಗಿದಾಡಿ ಒಡೆದದ್ದನ್ನು ಬದಲಿಸಿದರೆ ಮುಗಿಯುತ್ತಿತ್ತು. ಆದರೆ ಮಗಳು ಚೊಚ್ಚಲ ಬಾಣಂತನಕ್ಕೆ ಬರುವ ವರ್ಷ ನಮ್ಮ ಯಜಮಾನರಿಗೆ ಇದ್ದಕ್ಕಿದ್ದಂತೆ ಆ ಹಂಚು ಕಣ್ಣಿಗೆ ಚುಚ್ಚತೊಡಗಿತು. ಮಿರಜದ ಬೀಗರು ಕೂಸು ನೋಡಲು ಬರುತ್ತಾರೆ, ಹಳೇ ಹಂಚಿನ ಮನೆ ಕಂಡು ಏನಂದಾರು ಎಂಬ ಚಿಂತೆ. ಕಾಗವಾಡದಲ್ಲಿ ಯಾರದೋ ಮನೆಯ ಮೇಲೆ ನೀಲಿ ಪತ್ರಾ ನೋಡಿ ಬಂದಿದ್ದರು. ಪತ್ರಾ ಅಂದರೆ ತಗಡು. ನೀಲಿ ಬಣ್ಣ ಬಳಿದರೂ ತಗಡೇ.

"ಬ್ಯಾಸಗ್ಯಾಗ ಬಾಣಂತಿ ಮಲಗೂ ಕೋಣಿ ಅದು. ಪತ್ರಾ ಕಾದರ ಕೂಸು ತಡಕೋತೈತೇನ್ರಿ?" ಎಂದೆ.

"ಈಗಿನ ಪತ್ರಾ ಕಾಯಂಗಿಲ್ಲ, ಒಳಗ ತಂಪ ಇರತೈತಿ. ನಿನಗೇನ ತಿಳೀತೈತಿ, ಸುಮ್ಮ ಕುಂದ್ರ."

ಮದುವೆಯಾಗಿ ಬಂದಾಗಿನಿಂದ ಆ ಸೂರಿನ ಕೆಳಗೆ ಒಲೆಯ ಮುಂದೆ ಕೂತವಳು ನಾನು. ಅವರು ಹಗಲೆಲ್ಲ ದ್ರಾಕ್ಷಿ ತೋಟದಲ್ಲಿ, ಸಂಜೆ ಊರ ಕಟ್ಟೆಯ ಮೇಲೆ. ಆದರೂ ಸೂರಿನ ಬಗ್ಗೆ ತಿಳಿಯುವುದು ಮಾತ್ರ ಅವರಿಗೇ.

ಹಂಚು ಇಳಿಸಿ ನೀಲಿ ಪತ್ರಾ ಏರಿಸಿದರು. ಇಳಿದ ಹಂಚು ಎಲ್ಲಿಗೆ ಹೋಯಿತು ಅಂತೀರಿ? ಎಮ್ಮೆಯ ಕೊಟ್ಟಿಗೆಗೆ. ಅಲ್ಲಿದ್ದದ್ದು ತುಕ್ಕು ಹಿಡಿದ ಹಳೇ ಪತ್ರಾ. ಅದು ಬಿಸಿಲಿಗೆ ಕಾದರೆ ಎಮ್ಮೆ ಸುಸ್ತಾಗುತ್ತದೆ, ಹಾಲು ಕಡಿಮೆಯಾಗುತ್ತದೆ ಎಂದು ದನದ ಡಾಕ್ಟರು ಹೇಳಿಹೋಗಿದ್ದರಂತೆ. ಅವರು ಹೇಳಿದ್ದು ಇವರ ತಲೆಗೆ ಸಲೀಸಾಗಿ ಇಳಿದಿತ್ತು. ಅದೇ ಮಾತು ನನ್ನ ಬಾಯಿಂದ ಬಂದರೆ ಹೆಂಗಸರ ವಟವಟ.

ಯುಗಾದಿ ಮುಗಿದ ಮೇಲೆ ಮಗಳು ಹಡೆದಳು, ಹೆಣ್ಣು ಕೂಸು. ನಮ್ಮಲ್ಲಿ ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚುತ್ತಾರೆ. ಎಣ್ಣೆ ಹಚ್ಚಿ ನೀರು ಹಾಕಿ, ಹೊರಸಿನ ಕೆಳಗೆ ಕೆಂಡ ಇಟ್ಟು ಮೈ ಕಾಸುತ್ತಾರೆ. ಹಂಚಿನ ಕೆಳಗೆ ನಾನೂ ಕಾಸಿಸಿಕೊಂಡವಳೇ, ಹಿತವಾಗಿತ್ತು. ಈ ಪತ್ರಾದ ಕೆಳಗೆ ಕೆಂಡದ ಹಂಗೇ ಇರಲಿಲ್ಲ, ಹೊತ್ತೇರಿದಂತೆ ಮೇಲಿನಿಂದಲೇ ಕಾಸುತ್ತಿತ್ತು. ಫ್ಯಾನು ಹಚ್ಚಿದರೆ ಅದೇ ಬಿಸಿ ಗಾಳಿ ತಿರುತಿರುಗಿ ಮುಖಕ್ಕೆ ಬರುತ್ತಿತ್ತು. ಕೂಸಿನ ಕುತ್ತಿಗೆ ತುಂಬ ಬೆವರುಸಾಲೆ. ಮೊಲೆ ಬಾಯಿಗಿಟ್ಟರೂ ಹಿಡಿಯದೆ ಚೀರುತ್ತಿತ್ತು.

"ಅವ್ವಾ, ನನ್ನ ಗಂಡನ ಮನಿಗರೆ ಕಳಸಬೇ," ಎಂದು ಮಗಳು ಅತ್ತಳು. ತವರಿಗೆ ಬಂದ ಬಾಣಂತಿಯ ಬಾಯಲ್ಲಿ ಇಂಥ ಮಾತು!

ಊಟಕ್ಕೆ ಬಂದ ಯಜಮಾನರನ್ನು ಬಾಗಿಲಲ್ಲೇ ಹಿಡಿದೆ. "ಮಗಳನ್ನ ಬಾಣಂತನಕ್ಕ ಕರಸೀರೋ, ದ್ರಾಕ್ಷಿಗತೆ ಒಣಗಸಾಕ ಕರಸೀರೋ?"

"ನಾಕ ದಿನದಾಗ ರೂಢಿ ಆಗತೈತಿ," ಎಂದು ಉಂಡು, ತೋಟದ ಬೇವಿನ ನೆರಳಿಗೆ ಮಲಗಲು ಹೋದರು.

ಅವರು ಅತ್ತ ಹೋದರು, ನಾನು ಇತ್ತ ಪೊರಕೆ ಹಿಡಿದೆ. ಕೊಟ್ಟಿಗೆಯ ಅರ್ಧಭಾಗ ಗುಡಿಸಿ, ತೊಳೆದು, ಸಾರಿಸಿ, ನಡುವೆ ಹಳೇ ಸೀರೆ ಕಟ್ಟಿದೆ. ಅತ್ತ ಎಮ್ಮೆ, ಇತ್ತ ಮಗಳ ಹೊರಸು. ಅಂದು ಮಧ್ಯಾಹ್ನ ಕೂಸು ಹೊಟ್ಟೆತುಂಬ ಕುಡಿದು ನಿದ್ದೆ ಮಾಡಿತು. ಸಂಜೆ ಯಜಮಾನರು ಬಂದು ಕೂಗಾಡಿದರು. ಬೀಗರು ಬರುವಷ್ಟರಲ್ಲಿ ಬಾಣಂತಿಯನ್ನು ಒಳಗೆ ತರಬೇಕು, ಮರ್ಯಾದೆ ಹೋಗುತ್ತದೆ ಎಂದರು. ಕೂಸಿಗಿಂತ ದೊಡ್ಡ ಮರ್ಯಾದೆ ನನಗೆ ಬೇಕಾಗಿರಲಿಲ್ಲ. ನಾನು ಹೊರಸು ಕದಲಿಸಲಿಲ್ಲ.

ಬೀಗರು ಬಂದರು. ಅಂಗಳದಲ್ಲಿ ನಿಂತು ನೀಲಿ ಪತ್ರಾ ಹೊಗಳಿದರು, ಇವರು ಉಬ್ಬಿದರು. ಬೀಗಿತಿ ಮಾತ್ರ ಮೇಲೆ ನೋಡಲೇ ಇಲ್ಲ. "ಸೂನಬಾಯಿ ಎಲ್ಲಿ ಅದಾಳ್ರಿ?" ಎಂದು ಮೊದಲು ಸೊಸೆಯ ಬಗ್ಗೆಯೇ ವಿಚಾರಿಸಿದರು. ನಾನು ಎಲ್ಲರನ್ನೂ ಕೊಟ್ಟಿಗೆಗೆ ಕರೆದೊಯ್ದೆ. ಯಜಮಾನರು ಓಡಿಬಂದರು.

"ಒಳಗ ಛಲೋ ತಂಪ ಐತ್ರಿ ಬೀಗರ. ಇಕೀದ ಸುಮ್ಮನ ಹಟಾ."

"ತಂಪಿದ್ದರ ಎಮ್ಮೀನ ಒಯ್ದು ಅಲ್ಲಿ ಕಟ್ಟರಿ," ಎಂದೆ. "ಬಾಣಂತಿ ಇಲ್ಲೇ ಇರಲಿ."

"ಏ, ಎಮ್ಮಿ ತಡಕೋಳಂಗಿಲ್ಲ."

ಅಂದೇಬಿಟ್ಟರು. ಅಂದ ಮೇಲೆ ಅವರಿಗೇ ಕೇಳಿಸಿತು. ಮಗಳು ಸೆರಗಿನಿಂದ ಕೂಸಿನ ಮುಖ ಮುಚ್ಚಿ ಗೋಡೆಯ ಕಡೆ ತಿರುಗಿದಳು. ಬೀಗಿತಿ ನಮ್ಮ ಯಜಮಾನರನ್ನೊಮ್ಮೆ ನೋಡಿ, ಹೊರಸಿನ ಮೇಲೆ ಸೊಸೆಯ ಪಕ್ಕದಲ್ಲಿ ಕೂತು, "ಚಹಾ ಇಲ್ಲೇ ತರ್ರಿ," ಎಂದರು.

ಮರುದಿನವೇ ಏಣಿ ಬಂತು. ಎರಡೆರಡು ಸಲ ಇಳಿಸಿ ಏರಿಸಿದ್ದರಲ್ಲಿ ಅರ್ಧ ಹಂಚು ಒಡೆದಿದ್ದವು. ಉಳಿದವು ಬಾಣಂತಿಯ ಕೋಣೆಗಷ್ಟೇ ಸಾಲಿದವು. ಕೊಟ್ಟಿಗೆಗೆ ಮತ್ತೆ ಹಳೇ ಪತ್ರಾ ಹಾಕಿ, ಮೇಲೆ ಕಬ್ಬಿನ ರವದಿಯನ್ನು ದಪ್ಪಗೆ ಹೊದಿಸಿದರು. ಒಣಗಿದ ಕಬ್ಬಿನ ಗರಿಗಳ ಆ ಹೊದಿಕೆಯಿಂದ ಎಮ್ಮೆಗೂ ತಂಪಾಯಿತು. ಅಡುಗೆಮನೆಯ ಮಾತೆತ್ತಿದರೆ, "ಮುಂದಿನ ವರ್ಷ ನೋಡೂಣು," ಎಂದರು.

ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ನಾನು ಈಗಲೂ ನೀಲಿ ಪತ್ರಾದ ಕೆಳಗೇ ರೊಟ್ಟಿ ಬಡಿಯುತ್ತೇನೆ. ಆದರೆ ಅಂದಿನಿಂದ ಅವರ ತಾಟನ್ನು ಪಡಸಾಲೆಗೆ ಒಯ್ಯುವುದು ಬಿಟ್ಟಿದ್ದೇನೆ. ಒಲೆಯ ಪಕ್ಕದಲ್ಲೇ ಮಣೆ ಹಾಕುತ್ತೇನೆ. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಬೆವರಿಗೆ ಬನಿಯನ್ ತೊಯ್ದು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಏಳಲು ನೋಡುತ್ತಾರೆ.

"ಇನ್ನೊಂದ ಕುಂತ ಉಣ್ಣರಿ," ಎನ್ನುತ್ತೇನೆ. "ಒಳಗ ತಂಪ ಐತಿ."